ಚಿತ್ರಕ್ಕೊಂದು ಹೆಸರು, ಪ್ರತಿಗೊಂದು ಊರು

ಸಿಕಂದರಾಬಾದಿನಲ್ಲಿ 1880ರ ದಶಕದಲ್ಲಿ ಛಾಯಾಚಿತ್ರಶಾಲೆಯೊಂದನ್ನು ತೆರೆದು, ಆರನೆಯ ನಿಜಾಮ ಮೀರ್ ಮಹಬೂಬ್ ಅಲಿ ಖಾನರ ಆಸ್ಥಾನ ಛಾಯಾಗ್ರಾಹಕರಾಗಿ ವಿಖ್ಯಾತರಾದ ರಾಜಾ ದೀನ ದಯಾಳರ ಹೆಸರನ್ನು ಹೈದರಾಬಾದಿನಲ್ಲಿ ಇಂದಿಗೂ ಅನೇಕರು ಬಲ್ಲರು. ಆದರೆ ಅವರ ಕಲಾಕೌಶಲವನ್ನು ಕೊಂಡಾಡುವವರಲ್ಲಿ ಎಷ್ಟೋ ಮಂದಿ ಗಮನಿಸದೆ ಬಿಡುವ ಸಂಗತಿಯೊಂದುಂಟು. ಆ ಮಹನೀಯರು ಚಿತ್ರವನ್ನು ತೆಗೆಯುವುದರಲ್ಲಿ ಎಷ್ಟು ಶ್ರದ್ಧೆಯನ್ನಿಟ್ಟಿದ್ದರೋ, ತೆಗೆದ ಚಿತ್ರಕ್ಕೆ ಗುರುತು ಹಚ್ಚಿ ಇಡುವುದರಲ್ಲಿಯೂ ಅಷ್ಟೇ ಶ್ರದ್ಧೆಯನ್ನಿಟ್ಟಿದ್ದರು. ಮೀರತ್ತಿನ ಸಮೀಪದ ಸರ್ಧಾನಾದಲ್ಲಿ 1844ರಲ್ಲಿ ಜನಿಸಿ, ರೂರ್ಕಿಯ ಥಾಮಸನ್ ಕಾಲೇಜಿನಲ್ಲಿ ವ್ಯಾಸಂಗ ಮಾಡಿ, ಇಂದೋರಿನ ಲೋಕೋಪಯೋಗಿ ಇಲಾಖೆಯಲ್ಲಿ ಅಂದಾಜು ಪಟ್ಟಿ, ನಕ್ಷೆಗಳ ಕೆಲಸದಲ್ಲಿ ಪಳಗಿದವರಾದುದರಿಂದ ಈ ಕ್ರಮನಿಷ್ಠೆ ಅವರಿಗೆ ಸಹಜವಾಗಿಯೇ ಬಂದಿರಬೇಕು. ಅವರ ದೃಶ್ಯಚಿತ್ರಗಳಲ್ಲಿ ಕ್ರಮಸಂಖ್ಯೆಯೂ ಸ್ಥಳದ ಹೆಸರೂ ಗಾಜಿನ ಫಲಕದ ಮೇಲೆಯೇ ಲಿಖಿತವಾಗಿರುತ್ತಿದ್ದುವು. ಆದ್ದರಿಂದ ಆ ಫಲಕದಿಂದ ಎಷ್ಟು ಪ್ರತಿಗಳನ್ನು ಮುದ್ರಿಸಿದರೂ, ಅವು ಯಾವ ದೇಶದ ಯಾವ ಅರಮನೆಗೆ ಹೋಗಿ ಸೇರಿದರೂ, ಹೆಸರು ಚಿತ್ರವನ್ನು ಬಿಟ್ಟು ಅಗಲುವಂತಿರಲಿಲ್ಲ.

ದೀನ ದಯಾಳರು 1905ರಲ್ಲಿ ತೀರಿಕೊಂಡರು. ಅವರಿಗೆ ‘ಮುಸವ್ವಿರ್ ಜಂಗ್’ ಎಂಬ ಬಿರುದನ್ನಿತ್ತ ಸಂಸ್ಥಾನವೂ ಕಾಲಾಂತರದಲ್ಲಿ ಅಳಿದುಹೋಯಿತು. ಆದಾಗ್ಯೂ ಅವರ ಗಾಜಿನ ಫಲಕಗಳಲ್ಲಿ 2,857 ಇಂದು ದೆಹಲಿಯ ಇಂದಿರಾ ಗಾಂಧಿ ರಾಷ್ಟ್ರೀಯ ಕಲಾ ಕೇಂದ್ರದಲ್ಲಿವೆ. 1989ರಲ್ಲಿ ಆ ಸಂಸ್ಥೆ ಅವುಗಳನ್ನು ಪಡೆದುಕೊಂಡಿತು. ನಿಜಾಮರ ರಾಜ್ಯದ ದೃಶ್ಯಗಳನ್ನೊಳಗೊಂಡ 1892ರ ಆಲ್ಬಮ್ಮು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಮೂಲ ಒಂದೆಡೆ, ಪ್ರತಿ ಮತ್ತೊಂದೆಡೆ, ಎರಡಕ್ಕೂ ಹೆಸರಿನ ಗುರುತು—ನೂರು ವರ್ಷಗಳನ್ನು ಮೀರಿ ಚಿತ್ರವೊಂದು ಬಾಳಬೇಕಾದರೆ ಇವಿಷ್ಟು ಇರಲೇಬೇಕು. ಇದರಲ್ಲಿ ಯಾವೊಂದೂ ಇಂದಿನ ಗೃಹಸ್ಥನ ಕೈಗೆ ಎಟುಕದ ವಸ್ತುವಲ್ಲ. ಆದರೂ ನಮ್ಮ ಮನೆಗಳ ಚಿತ್ರರಾಶಿಗೆ ಇವು ಒದಗಿಲ್ಲವೆಂಬುದೇ ನನ್ನನ್ನು ಕೊರೆಯುವ ಚಿಂತೆ.

ಮಿಯಾಪುರದಲ್ಲಿಯೋ ಗಚ್ಚಿಬೌಲಿಯಲ್ಲಿಯೋ ನೆಲೆಸಿರುವ ಸಾಧಾರಣ ಸಂಸಾರಿಯೊಬ್ಬನ ಮೊಬೈಲಿನಲ್ಲಿ ದೀನ ದಯಾಳರ ಉಳಿದ ಫಲಕಗಳಿಗಿಂತಲೂ ಹೆಚ್ಚು ಫೋಟೋಗಳಿರುವುದು ಇಂದು ಅಸಂಭವವಲ್ಲ. ಅವುಗಳಲ್ಲಿ ಒಂದನ್ನು ತೆರೆದು ಅದರ ಹೆಸರನ್ನು ನೋಡಿರಿ: ‘ಐಎಂಜಿ–20190512–ಡಬ್ಲ್ಯುಎ0037’ ಎಂಬಂಥದೊಂದು ಅಕ್ಷರಮಾಲಿಕೆ ಕಣ್ಣಿಗೆ ಬೀಳುತ್ತದೆ. ಮೊದಲ ಮೂರಕ್ಷರ ಇದು ಚಿತ್ರವೆಂದು ಹೇಳುತ್ತದೆ. ನಡುವಿನ ಅಂಕಿಗಳು 2019ನೆಯ ಇಸವಿಯ ಮೇ ತಿಂಗಳ 12ನೆಯ ದಿನವನ್ನು ಸೂಚಿಸುತ್ತವೆ. ಕೊನೆಯದು ವಾಟ್ಸ್ಯಾಪಿನ ಮೂಲಕ ಆ ದಿನ ಬಂದ ಮೂವತ್ತೇಳನೆಯದೋ ಮೂವತ್ತೆಂಟನೆಯದೋ ಚಿತ್ರವೆಂಬ ಎಣಿಕೆ. ಅಂದು ತೆಗೆದ ಚಿತ್ರವಿದು ಎಂದು ಓದುವವನು ಭಾವಿಸುವುದು ಸಹಜ. ಆದರೆ ಆ ದಿನಾಂಕ ಚಿತ್ರವು ಈ ಮೊಬೈಲಿಗೆ ಬಂದು ಸೇರಿದ ದಿನದ್ದೇ ಹೊರತು ಕ್ಯಾಮೆರಾ ಕಣ್ಣು ಮಿಟುಕಿಸಿದ ದಿನದ್ದಲ್ಲ. ಅಜ್ಜನ ಷಷ್ಟ್ಯಬ್ದಿಯ ಚಿತ್ರವನ್ನು ಹತ್ತು ವರ್ಷಗಳ ಅನಂತರ ಸೋದರಮಾವ ಕಳುಹಿಸಿದರೆ, ಷಷ್ಟ್ಯಬ್ದಿಯೇ ಹತ್ತು ವರ್ಷ ಮುಂದಕ್ಕೆ ಜರುಗುತ್ತದೆ.

ಇದಕ್ಕಿಂತ ಗಹನವಾದ ನಷ್ಟವೊಂದು ಚಿತ್ರದ ಒಡಲೊಳಗೆ ನಡೆದಿರುತ್ತದೆ. ಡಿಜಿಟಲ್ ಕ್ಯಾಮೆರಾ ಆಗಲಿ ಮೊಬೈಲ್ ಆಗಲಿ, ಚಿತ್ರವನ್ನು ಬರೆಯುವಾಗಲೇ ಅದರೊಳಗೆ ದಿನಾಂಕ, ಗಳಿಗೆ, ಯಂತ್ರದ ಹೆಸರು, ಅನುಮತಿ ಕೊಟ್ಟಿದ್ದರೆ ಅಕ್ಷಾಂಶ ರೇಖಾಂಶಗಳು, ಇವನ್ನೆಲ್ಲ ಗುಪ್ತವಾಗಿ ಬರೆದಿಡುತ್ತದೆ. ಎಕ್ಸಿಫ್ ಎಂದು ಕರೆಯಲ್ಪಡುವ ಈ ಪದ್ಧತಿಯನ್ನು 1995ರಲ್ಲಿ ಜಪಾನಿನ ಎಲೆಕ್ಟ್ರಾನಿಕ್ ಉದ್ಯಮದವರು ರೂಪಿಸಿದರು. ವಾಟ್ಸ್ಯಾಪಿನಲ್ಲಿ ಸಾಮಾನ್ಯ ರೀತಿಯಿಂದ ಕಳುಹಿಸಿದ ಚಿತ್ರದಿಂದ ಈ ಲಿಖಿತವೆಲ್ಲ ಅಳಿಸಿಹೋಗುತ್ತದೆ. ಚಿತ್ರದ ಗಾತ್ರವೂ ಕುಗ್ಗುತ್ತದೆ. ನೋಡಿ ನಲಿಯುವುದಕ್ಕೆ ಅಷ್ಟು ಸಾಕು. ಗೋಡೆಗೆ ಹಾಕಲು ದೊಡ್ಡದಾಗಿ ಮುದ್ರಿಸಹೊರಟಾಗ ಮುಖದ ಗೆರೆಗಳು ಕಲಸಿಹೋಗಿರುವುದು ಕಾಣುತ್ತದೆ. ಆದಕಾರಣ ಮದುವೆ, ಉಪನಯನ, ತೊಟ್ಟಿಲು ಮೊದಲಾದ ಚಿತ್ರಗಳನ್ನು ಬಂಧುಗಳಿಂದ ತರಿಸಿಕೊಳ್ಳುವಾಗ ‘ಡಾಕ್ಯುಮೆಂಟ್’ ಆಗಿ ಕಳುಹಿಸಿರೆಂದು ಕೇಳತಕ್ಕದ್ದು. ಆ ಮಾರ್ಗದಲ್ಲಿ ಮೂಲ ಹೇಗಿದೆಯೋ ಹಾಗೆಯೇ ಬರುತ್ತದೆ.

ಇನ್ನು ಇಡುವ ತಾಣಗಳ ವಿಚಾರ. ಸಿಕಂದರಾಬಾದಿನ ಪಾರ್ಕ್ ಲೇನಿನಲ್ಲಿರುವ ಚಿನಾಯ್ ಟ್ರೇಡ್ ಸೆಂಟರನ್ನು ಜನ ಸಿಟಿಸಿ ಎನ್ನುತ್ತಾರೆ. ಕಂಪ್ಯೂಟರಿನ ಸಕಲ ಅಂಗಾಂಗಗಳೂ ದೊರೆಯುವ ಆ ಕಟ್ಟಡದಲ್ಲಿ ಹೊಸ ಹಾರ್ಡ್ ಡಿಸ್ಕನ್ನು ಕೊಳ್ಳುವವರಿರುವಂತೆಯೇ, ಕೆಟ್ಟ ಡಿಸ್ಕನ್ನು ಕರವಸ್ತ್ರದಲ್ಲಿ ಸುತ್ತಿ ತಂದು, ಒಳಗಿರುವ ಫೋಟೋಗಳನ್ನು ಹೇಗಾದರೂ ಮಾಡಿ ತೆಗೆದುಕೊಡಿರೆಂದು ಅಂಗಲಾಚುವವರೂ ಇರುತ್ತಾರೆ. ಹಾರ್ಡ್ ಡಿಸ್ಕೆಂಬುದು ಒಳಗೆ ಫಲಕಗಳು ಅತಿವೇಗದಿಂದ ತಿರುಗುವ ಯಂತ್ರ. ಮೇಜಿನಿಂದ ಒಮ್ಮೆ ಬಿದ್ದರೂ ಸಾಕು, ಫಲಕದ ಮೇಲೆ ಕೂದಲೆಳೆಗಿಂತ ಕಡಿಮೆ ಅಂತರದಲ್ಲಿ ಸಂಚರಿಸುವ ಓದುಮುಳ್ಳು ಅದಕ್ಕೆ ತಾಗಿ ಗೀರಬಹುದು. ಪೆನ್ ಡ್ರೈವಿನಲ್ಲಿಯೂ ಎಸ್‌ಎಸ್‌ಡಿಯಲ್ಲಿಯೂ ತಿರುಗುವ ಭಾಗವಿಲ್ಲ. ಆದರೆ ಅವು ಸೂಕ್ಷ್ಮವಾದ ವಿದ್ಯುದಾವೇಶದಲ್ಲಿ ಚಿತ್ರವನ್ನು ಹಿಡಿದಿಟ್ಟಿರುವುದರಿಂದ, ವರ್ಷಗಟ್ಟಲೆ ವಿದ್ಯುತ್ತಿನ ಸಂಪರ್ಕವಿಲ್ಲದೆ, ಅದರಲ್ಲಿಯೂ ದಖ್ಖನ್ನಿನ ಬೇಸಗೆಯ ಸೆಖೆಯಲ್ಲಿ ಬಿದ್ದಿದ್ದರೆ, ಆ ಆವೇಶ ಮೆಲ್ಲನೆ ಸೋರಿಹೋಗಬಲ್ಲುದು. ಇಪ್ಪತ್ತು ವರ್ಷಗಳ ಹಿಂದೆ ಸ್ಟುಡಿಯೋದವರು ಮದುವೆಯ ಚಿತ್ರಗಳನ್ನು ತುಂಬಿಕೊಟ್ಟ ಸಿಡಿ, ಡಿವಿಡಿಗಳಲ್ಲಿ ಅಕ್ಷರ ಹಿಡಿಯುವುದು ಒಂದು ತೆಳುವಾದ ಬಣ್ಣದ ಪದರ. ಬೆಳಕಿಗೂ ಬಿಸಿಗೂ ಅದು ಮಾಸುತ್ತದೆ. ಮಾಸದಿದ್ದರೂ ಅದನ್ನು ಓದುವ ಗವಾಕ್ಷಿಯೇ ಈಗಿನ ಲ್ಯಾಪ್‌ಟಾಪುಗಳಲ್ಲಿಲ್ಲ. ಬೀರುವಿನಲ್ಲಿ ಅಂಥ ಡಿವಿಡಿ ಇರುವವರು ನಾಳೆಗೆ ಕಾಯದೆ, ಯುಎಸ್‌ಬಿ ತಂತಿಯ ಡಿವಿಡಿ ಡ್ರೈವೊಂದನ್ನು ಎರವಲು ತಂದಾದರೂ ಅದನ್ನು ಇಳಿಸಿಕೊಳ್ಳಬೇಕು.

ಯಾವ ವಸ್ತುವೂ ಶಾಶ್ವತವಲ್ಲವಾದುದರಿಂದ ಉಳಿಯುವ ಉಪಾಯ ವಸ್ತುವಿನ ಬಲದಲ್ಲಿಲ್ಲ, ಪ್ರತಿಗಳ ಸಂಖ್ಯೆಯಲ್ಲಿಯೂ ಅವುಗಳ ನಡುವಣ ದೂರದಲ್ಲಿಯೂ ಇದೆ. ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋಗ್ ಪ್ರಚುರಪಡಿಸಿದ ‘ಮೂರು–ಎರಡು–ಒಂದು’ ಎಂಬ ಸೂತ್ರ ಇದನ್ನೇ ಸಂಕ್ಷೇಪಿಸುತ್ತದೆ: ಒಟ್ಟು ಮೂರು ಪ್ರತಿಗಳಿರಲಿ, ಅವು ಎರಡು ಬಗೆಯ ಸಾಧನಗಳಲ್ಲಿರಲಿ, ಅವುಗಳಲ್ಲೊಂದು ಮನೆಯಿಂದ ದೂರದಲ್ಲಿರಲಿ. ಈ ‘ದೂರ’ವೆಂಬುದರ ಅರ್ಥವನ್ನು ಹೈದರಾಬಾದಿನವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಹರಿದು ಸುಮಾರು 15,000 ಜನರನ್ನು ಬಲಿ ತೆಗೆದುಕೊಂಡಿತು. ಅಫ್ಜಲ್‌ಗಂಜಿನ ಹುಣಿಸೆಯ ಮರವೊಂದನ್ನೇರಿ ಬದುಕಿಕೊಂಡವರ ಕಥೆಯನ್ನು ಈ ನಗರ ಇಂದಿಗೂ ಹೇಳಿಕೊಳ್ಳುತ್ತದೆ. ಅಂಥ ಅನಾಹುತ ಮರುಕಳಿಸದಂತೆ ಉಪಾಯ ಸೂಚಿಸಲು ನಿಜಾಮರ ಸರಕಾರ 1909ರಲ್ಲಿ ಕರೆಯಿಸಿಕೊಂಡದ್ದು ನಮ್ಮ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರನ್ನು. ಅವರ ಯೋಜನೆಯ ಫಲವಾಗಿ 1920ರಲ್ಲಿ ಉಸ್ಮಾನ್ ಸಾಗರವೂ 1927ರಲ್ಲಿ ಹಿಮಾಯತ್ ಸಾಗರವೂ ಸಿದ್ಧವಾದುವು. ನದಿಗೆ ಕಡಿವಾಣ ಬಿದ್ದರೂ ಮಳೆಗೆ ಬೀಳಲಿಲ್ಲ. 2020ರ ಅಕ್ಟೋಬರ್ 13ರ ರಾತ್ರಿ ಸುರಿದ ಮಳೆಯಲ್ಲಿ ಕೆರೆಗಳು ಒಡೆದು, ಟೋಲಿಚೌಕಿಯ ನದೀಮ್ ಕಾಲೊನಿಯಂಥ ಬಡಾವಣೆಗಳಲ್ಲಿ ನೀರು ದಿನಗಟ್ಟಲೆ ನಿಂತಿತು. ಅಂಥ ಮನೆಯಲ್ಲಿ ಮೊಬೈಲು, ಲ್ಯಾಪ್‌ಟಾಪು, ಡಿಸ್ಕು, ಆಲ್ಬಮ್ಮು ಎಲ್ಲವೂ ಒಂದೇ ಬೀರುವಿನ ಕೆಳಗಿನ ಖಾನೆಯಲ್ಲಿದ್ದರೆ, ಪ್ರತಿಗಳು ನಾಲ್ಕಿದ್ದೂ ಒಂದೇ ಎಂದಂತಾಯಿತು.

ಬಿತ್ತನೆಯ ಜೋಳವನ್ನು ಉಣ್ಣುವ ಜೋಳದೊಂದಿಗೆ ಬೆರೆಸದೆ ಬೇರೆಯಾಗಿ ಕಾಪಿಡುತ್ತಿದ್ದ ರಾಯಚೂರು, ಕಲಬುರಗಿ ಸೀಮೆಯ ರೈತ ಈ ತತ್ತ್ವವನ್ನು ಚೆನ್ನಾಗಿ ಅರಿತಿದ್ದನು. ನಮ್ಮ ಕುಟುಂಬಗಳಿಗೆ ಇಂದು ಇನ್ನೊಂದು ಅನುಕೂಲವಿದೆ. ಮಗ ಬೆಂಗಳೂರಿನಲ್ಲಿ, ಮಗಳು ಅಮೆರಿಕದಲ್ಲಿ, ತಾಯಿತಂದೆ ಹೈದರಾಬಾದಿನಲ್ಲಿ ಎಂದು ನಾವು ಕೊರಗುತ್ತೇವಷ್ಟೆ. ಚಿತ್ರಗಳ ಮಟ್ಟಿಗೆ ಆ ಚದುರುವಿಕೆಯೇ ರಕ್ಷೆ. ದೀಪಾವಳಿಗೋ ಜಾತ್ರೆಗೋ ಎಲ್ಲರೂ ಕೂಡಿದಾಗ ಎರಡು ಡಿಸ್ಕುಗಳಿಗೆ ಇಡೀ ಸಂಗ್ರಹವನ್ನು ನಕಲು ಮಾಡಿ, ಒಂದನ್ನು ಬೆಂಗಳೂರಿಗೆ ಹೊರಡುವ ಮಗನ ಚೀಲದಲ್ಲಿಟ್ಟು ಕಳುಹಿಸಿ, ಮುಂದಿನ ವರ್ಷ ಅದನ್ನು ತರಿಸಿಕೊಂಡು ಹೊಸದನ್ನು ತುಂಬಿ ಕಳುಹಿಸುವ ಪರಿಪಾಠವನ್ನಿಟ್ಟುಕೊಂಡರೆ, ಇದಕ್ಕಿಂತ ಸುಲಭವೂ ಅಗ್ಗವೂ ಆದ ಏರ್ಪಾಡು ಬೇರೆಯಿಲ್ಲ. ಒಂದು ಫೋಟೋ ಸರಾಸರಿ ನಾಲ್ಕು ಎಂಬಿ ತೂಗುವುದೆಂದಿಟ್ಟುಕೊಂಡರೆ ಒಂದು ಟಿಬಿಯ ಡಿಸ್ಕಿನಲ್ಲಿ ಎರಡೂವರೆ ಲಕ್ಷ ಫೋಟೋಗಳು ಹಿಡಿಯುತ್ತವೆ. ಸಾಮಾನ್ಯ ಸಂಸಾರವೊಂದರ ಮೂರು ತಲೆಮಾರಿನ ಚಿತ್ರಗಳಿಗೆ ಅಷ್ಟು ಧಾರಾಳವಾಗಿ ಸಾಕು.

ಕ್ಲೌಡಿನಲ್ಲಿ ಎಲ್ಲವೂ ಇದೆಯಲ್ಲ, ಈ ಡಿಸ್ಕಿನ ಗೊಡವೆಯೇಕೆ ಎಂದು ಯುವಕರು ಕೇಳುವುದುಂಟು. ಕ್ಲೌಡು ಒಳ್ಳೆಯದೇ, ಮೂರು ಪ್ರತಿಗಳಲ್ಲಿ ಒಂದಕ್ಕೆ ಅದು ಉತ್ತಮವಾದ ಸ್ಥಳ. ಆದರೆ ಅದರ ಎರಡು ಸ್ವಭಾವಗಳನ್ನು ಅರಿತಿರಬೇಕು. ಮೊದಲನೆಯದು, ಅಲ್ಲಿಯ ಕಟ್ಟಳೆಗಳು ನಮ್ಮ ಕೈಯಲ್ಲಿಲ್ಲ. 2015ರಲ್ಲಿ ಆರಂಭವಾದಾಗ ಮಿತಿಯಿಲ್ಲದೆ ಚಿತ್ರಗಳನ್ನು ಉಚಿತವಾಗಿ ಸ್ವೀಕರಿಸುತ್ತಿದ್ದ ಗೂಗಲ್ ಫೋಟೋಸ್, 2021ರ ಜೂನ್ 1ರಿಂದ ಆ ಸೌಲಭ್ಯವನ್ನು ನಿಲ್ಲಿಸಿತು. ಈಗ ಪತ್ರಗಳೂ ಚಿತ್ರಗಳೂ ಸೇರಿ 15 ಜಿಬಿಯವರೆಗೆ ಮಾತ್ರ ಉಚಿತ. ಎರಡು ವರ್ಷ ಬಳಸದೆ ಬಿಟ್ಟ ಖಾತೆಯನ್ನು ಅದರೊಳಗಿನ ಚಿತ್ರಗಳೊಂದಿಗೆ ಅಳಿಸುವ ಅಧಿಕಾರವನ್ನೂ ಆ ಸಂಸ್ಥೆ ತನ್ನ ನಿಯಮದಲ್ಲಿ ಇಟ್ಟುಕೊಂಡಿದೆ. ಎರಡನೆಯ ಸ್ವಭಾವ ಇನ್ನೂ ಸೂಕ್ಷ್ಮವಾದುದು: ಮೊಬೈಲೂ ಕ್ಲೌಡೂ ಜೋಡಿಯಾಗಿ ನಡೆಯುವ ಏರ್ಪಾಡಿನಲ್ಲಿ ಒಂದೆಡೆ ಅಳಿಸಿದ್ದು ಇನ್ನೊಂದೆಡೆಯೂ ಅಳಿಯುತ್ತದೆ. ಮೊಬೈಲಿನಲ್ಲಿ ಜಾಗವಿಲ್ಲವೆಂದು ನಾವೋ, ಆಟವಾಡುತ್ತ ಮೊಮ್ಮಗನೋ ಗೂಗಲ್ ಫೋಟೋಸ್‌ನಲ್ಲಿ ಅಳಿಸಿದ ಚಿತ್ರ ಅದರ ಕಸದ ಬುಟ್ಟಿಯಲ್ಲಿ 60 ದಿನ ಕಾದಿರುತ್ತದೆ; ಐಫೋನಿನಲ್ಲಾದರೆ 30 ದಿನ; ಅನಂತರ ಇಲ್ಲ. ಹೀಗೆ ತಾನೂ ಜೊತೆಯಲ್ಲಿಯೇ ಬದಲಾಗುವುದನ್ನು ಬ್ಯಾಕಪ್ ಎಂದು ನಂಬತಕ್ಕದ್ದಲ್ಲ. ನಕಲು ಮಾಡಿದ ಮೇಲೆ ತಂತಿ ಕಿತ್ತು ಪ್ರತ್ಯೇಕವಾಗಿ ಇಟ್ಟ ಡಿಸ್ಕು, ನಮ್ಮ ಕೈತಪ್ಪಿನಿಂದಲೂ ಕಂಪ್ಯೂಟರಿಗೆ ತಗಲುವ ವೈರಸ್ಸಿನಿಂದಲೂ ದೂರವಿರುತ್ತದೆ.

ಜೋಡಿಸುವ ಕ್ರಮದ ಬಗ್ಗೆ ಬಹಳ ಹೇಳಬೇಕಾದುದಿಲ್ಲ. ವರ್ಷಕ್ಕೊಂದು ಫೋಲ್ಡರು, ಅದರೊಳಗೆ ಸಂದರ್ಭಕ್ಕೊಂದು; ಹೆಸರನ್ನು ಇಸವಿ, ತಿಂಗಳು, ದಿನ ಎಂಬ ಅನುಕ್ರಮದಲ್ಲಿ ಆರಂಭಿಸಿ ‘2024–02–18 ಮಂತ್ರಾಲಯ ಯಾತ್ರೆ’ ಎಂಬಂತೆ ಬರೆದರೆ, ಕಂಪ್ಯೂಟರು ತಾನಾಗಿಯೇ ಅವನ್ನು ಕಾಲಾನುಕ್ರಮದಲ್ಲಿ ಸಾಲುಗೊಳಿಸುತ್ತದೆ. ಕನ್ನಡದಲ್ಲಿಯೇ ಬರೆಯಬಹುದು, ಯೂನಿಕೋಡ್ ಬಂದ ಮೇಲೆ ಫೈಲಿನ ಹೆಸರು ಕನ್ನಡ ಲಿಪಿಯಲ್ಲಿದ್ದರೆ ಇಂದಿನ ಯಂತ್ರಗಳಿಗೆ ತೊಡಕಿಲ್ಲ. ಒಂದೇ ಗಳಿಗೆಯಲ್ಲಿ ತೆಗೆದ ಹನ್ನೆರಡು ಚಿತ್ರಗಳಲ್ಲಿ ಎರಡನ್ನುಳಿಸಿ ಹತ್ತನ್ನು ಅಳಿಸುವ ಧೈರ್ಯವೂ ಬೇಕು. ಮುಂದಿನವರು ಹುಡುಕಲಾರದಷ್ಟು ರಾಶಿ ಹಾಕುವುದು ಅವರಿಗೆ ಕೊಡುವ ಆಸ್ತಿಯಲ್ಲ, ಹೊರೆ. ಬಿಡುವಿದ್ದವರು ಡಿಜಿಕ್ಯಾಮ್ ಎಂಬ ಉಚಿತ ತಂತ್ರಾಂಶವನ್ನು ಹಾಕಿಕೊಂಡು, ಚಿತ್ರದಲ್ಲಿರುವವರ ಹೆಸರುಗಳನ್ನು ಫೈಲಿನೊಳಗೇ ಬರೆದಿಡಬಹುದು. ಹಾಗೆ ಬರೆದದ್ದು, ಗಾಜಿನ ಮೇಲೆ ದೀನ ದಯಾಳರು ಬರೆದ ಅಂಕಿತದಂತೆ, ಆ ಫೈಲು ಹೋದೆಡೆಗೆ ಹೋಗುತ್ತದೆ.

ಈವರೆಗೆ ಹೇಳಿದುದೆಲ್ಲ ಇಂದು ಮಾಡದಿದ್ದರೆ ಮುಂದಿನ ತಿಂಗಳಾದರೂ ಮಾಡಬಹುದಾದುದು. ಮುಂದೂಡಲಾಗದ ಕಾರ್ಯವೊಂದಿದೆ. ಬೀದರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳು 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದುವು. ಉಸ್ಮಾನಿಯಾ ವಿಶ್ವವಿದ್ಯಾನಿಲಯದಲ್ಲಿ ಓದುವುದಕ್ಕೆಂದೋ, ಸರಕಾರಿ ಕಚೇರಿಯ ನೌಕರಿಗೆಂದೋ, ವಕೀಲಿಗೆಂದೋ ರಾಜಧಾನಿಗೆ ಬಂದು ಕಾಚಿಗುಡ, ಸುಲ್ತಾನ್ ಬಜಾರುಗಳ ಸುತ್ತಮುತ್ತ ನೆಲೆನಿಂತ ಕನ್ನಡ ಮನೆತನಗಳ ಪೆಟ್ಟಿಗೆಗಳಲ್ಲಿ ಆ ಕಾಲದ ಚಿತ್ರಗಳು ಇನ್ನೂ ಇವೆ. ಶೇರವಾನಿ ತೊಟ್ಟು ರೂಮಿ ಟೋಪಿ ಇಟ್ಟ ಕಾರಕೂನ, ಅವನ ಪಕ್ಕದಲ್ಲಿ ಇಳಕಲ್ ಸೀರೆಯ ಹೆಂಡತಿ, ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕುಳಿತ ಮಕ್ಕಳು: ಒಂದು ನಾಡಿನ ಸಂಕೀರ್ಣವಾದ ಚರಿತ್ರೆಯೆಲ್ಲ ಅಂಗೈಯಗಲದ ಕಾಗದದಲ್ಲಿ ಬಂದು ನಿಂತಿರುತ್ತದೆ. ಅಂಥದೊಂದರ ಬೆನ್ನನ್ನು ತಿರುಗಿಸಿ ನೋಡಿದಾಗ ಉರ್ದು ಲಿಪಿಯಲ್ಲಿ ‘ಬಹಮನ್ 1350’ ಎಂದು ಮಸಿಯಲ್ಲಿ ಬರೆದಿತ್ತು. ಕಂಪ್ಯೂಟರಿನಲ್ಲಿ ದುಡಿಯುವ ಮೊಮ್ಮಗಳಿಗೆ ಆ ಲಿಪಿಯೂ ತಿಳಿಯದು, ಲಿಪಿಯನ್ನು ಓದಿಸಿಕೊಂಡರೂ ಆ ವರ್ಷ ತಿಳಿಯದು. ಅದು ನಿಜಾಮರ ಆಡಳಿತದ ಫಸಲಿ ವರ್ಷ. ಅದಕ್ಕೆ 590 ಕೂಡಿಸಿದರೆ ಆ ವರ್ಷ ಆರಂಭವಾದ ಕ್ರಿಸ್ತಶಕ ದೊರೆಯುತ್ತದೆ; ಆಜೂರ್ ಎಂಬ ಮೊದಲ ತಿಂಗಳು ಅಕ್ಟೋಬರಿನಲ್ಲಿ ಹುಟ್ಟುತ್ತಿದ್ದುದರಿಂದ ಮೂರನೆಯದಾದ ಬಹಮನ್ ಎಂದರೆ ಸರಿಸುಮಾರು 1940ರ ಡಿಸೆಂಬರ್. ಬೆನ್ನಿನ ಬರಹವನ್ನು ಸ್ಕ್ಯಾನ್ ಮಾಡದೆ ಮುಖವನ್ನಷ್ಟೇ ಮಾಡಿ ಮೂಲವನ್ನು ಕಳೆದುಕೊಂಡ ಮನೆಗೆ ಈ ತಿಂಗಳೂ ಇಲ್ಲ, ವರ್ಷವೂ ಇಲ್ಲ.

ಆದ್ದರಿಂದ ಹಳೆಯ ಚಿತ್ರಗಳಿಗೆ ಎರಡೂ ಪಾರ್ಶ್ವಗಳ ಸ್ಕ್ಯಾನು ಅವಶ್ಯ. ಮಟ್ಟಸವಾದ ಗಾಜಿನ ಸ್ಕ್ಯಾನರಿನಲ್ಲಿ, ಅಂಗುಲಕ್ಕೆ 600 ಚುಕ್ಕೆಗಳ ಸಾಂದ್ರತೆಯಲ್ಲಿ ಮಾಡಿದರೆ ನಾಲ್ಕಕ್ಕೆ ಆರು ಅಂಗುಲದ ಚಿತ್ರ 2400ಕ್ಕೆ 3600 ಚುಕ್ಕೆಗಳಾಗಿ ಇಳಿಯುತ್ತದೆ. ಮುದ್ರಣಕ್ಕೆ ಅದು ಸಾಕಷ್ಟಾಯಿತು. ಅಂಟುಹಾಳೆಯ ಆಲ್ಬಮ್ಮುಗಳಲ್ಲಿ ಚಿತ್ರ ಕಚ್ಚಿಕೊಂಡಿದ್ದರೆ ಉಗುರು ಹಾಕಿ ಕೀಳಬಾರದು. ಇದ್ದಲ್ಲಿಯೇ, ಕಿಟಕಿಯ ನೆರಳಿನ ಬೆಳಕಿನಲ್ಲಿ, ಮೇಲಿನಿಂದ ನೇರವಾಗಿ ಫೋಟೋ ತೆಗೆದುಕೊಳ್ಳಬೇಕು. 1970, 80ರ ದಶಕಗಳ ಬಣ್ಣದ ಚಿತ್ರಗಳಿಗೆ ಕಪ್ಪು–ಬಿಳುಪಿನವಕ್ಕಿಂತ ಮೊದಲ ಸರದಿ ಕೊಡತಕ್ಕದ್ದು. ಅವುಗಳ ನೀಲಿ ಹಸಿರಿನ ಬಣ್ಣ ಮೊದಲು ಮಾಸಿ, ಚಿತ್ರವೆಲ್ಲ ಕೆಂಪಗೆ ತಿರುಗುವುದನ್ನು ಯಾವ ಮನೆಯಲ್ಲಾದರೂ ಕಾಣಬಹುದು.

ಸ್ಕ್ಯಾನು ಮುಗಿದ ಮೇಲೆ ಆ ಚಿತ್ರಗಳನ್ನು ದೊಡ್ಡ ಪರದೆಯ ಮೇಲೆ ಹಾಕಿ ಮನೆಯ ಹಿರಿಯರನ್ನು ಎದುರಿಗೆ ಕೂರಿಸಿರಿ. ಎಂಬತ್ತು ದಾಟಿದ ಸೋದರತ್ತೆಯೊಬ್ಬರು ಹೀಗೆ ಕುಳಿತಿದ್ದುದನ್ನು ನಾನು ಕಂಡಿದ್ದೇನೆ. “ಅತ್ಯಾ, ಈ ಹಿಂದ ನಿಂತವ್ರು ಯಾರು?” ಎಂದು ಹುಡುಗಿ ಕೇಳಿದಳು. ಅವರು ಕನ್ನಡಕವನ್ನು ಸೆರಗಿನಿಂದ ಒರೆಸಿಕೊಂಡು ನೋಡಿ, “ಇಂವ ನಮ್ಮ ಸಣ್ಣ ಕಾಕಾ. ಮದುವಿ ಬೀದರದಾಗ ಆತು, ಖರೆ ಈ ಫೋಟೋ ಮಾತ್ರ ಇಲ್ಲೇ ಕಾಚಿಗುಡದ ಮನಿ ಅಂಗಳದಾಗ ತಗದದ್ದು. ನೋಡವ್ವಾ, ಹಿಂದ ಬಾವಿ ಗಡಗಡಿ ಕಾಣಸ್ತದ,” ಎಂದರು. ಬಾವಿಯ ಗಡಗಡಿಯನ್ನು ಅಲ್ಲಿಯವರೆಗೆ ಯಾರೂ ಕಂಡಿರಲಿಲ್ಲ. ಒಂದೇ ತರಹದ ಮುಖಗಳನ್ನು ಗುಂಪುಗೂಡಿಸುವ ಯಂತ್ರಗಳು ಇಂದು ಬಂದಿವೆ. ಆದರೆ ಈತ ಸಣ್ಣ ಕಾಕಾ, ಈಕೆ ಆತನ ಮೊದಲ ಹೆಂಡತಿ, ಎತ್ತಿಕೊಂಡ ಕೂಸು ನೆರೆಮನೆಯದು ಎಂಬ ಜ್ಞಾನ ಆ ಒಬ್ಬ ವೃದ್ಧೆಯ ಹೊರತು ಪ್ರಪಂಚದಲ್ಲಿ ಇನ್ನಾರಿಗೂ ಇಲ್ಲ, ಅದಕ್ಕೆ ಬ್ಯಾಕಪ್ ಇಲ್ಲ. ಅವರು ಹೇಳಿದುದನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿ, ಎಡದಿಂದ ಬಲಕ್ಕೆ ಸಾಲು ಸಾಲಾಗಿ ಹೆಸರು ಬರೆದು, ಚಿತ್ರದ ಫೋಲ್ಡರಿನಲ್ಲಿಯೇ ಇಡಬೇಕು. ಹೈದರಾಬಾದಿನ ಕರ್ನಾಟಕ ಸಾಹಿತ್ಯ ಮಂದಿರದಂಥ ಸಂಸ್ಥೆಗಳು ವರ್ಷಕ್ಕೊಂದು ಭಾನುವಾರ ಸ್ಕ್ಯಾನರನ್ನಿಟ್ಟು, ಹಿರಿಯರನ್ನು ಅವರ ಆಲ್ಬಮ್ಮಿನೊಂದಿಗೆ ಬರಹೇಳಿ, ಉರ್ದು ಬಲ್ಲವರೊಬ್ಬರನ್ನು ಪಕ್ಕದಲ್ಲಿ ಕೂರಿಸಿದರೆ, ಒಂದು ಸಮಾಜದ ಸ್ಮೃತಿಯೇ ಉಳಿದೀತೆಂಬುದು ನನ್ನ ದೃಢವಾದ ನಂಬಿಕೆ. ಅವರು ಇದನ್ನು ಮಾಡಬೇಕೆಂಬುದು ನನ್ನ ಪ್ರಾರ್ಥನೆ.

ಕಡೆಗೆ ಎರಡು ಸಣ್ಣ ವಿಷಯಗಳುಳಿದಿವೆ. ಇಟ್ಟ ಪ್ರತಿ ತೆರೆಯುತ್ತದೆಯೆ ಎಂದು ವರ್ಷಕ್ಕೊಮ್ಮೆಯಾದರೂ, ಅಲ್ಲೊಂದು ಇಲ್ಲೊಂದು ಚಿತ್ರವನ್ನು ತೆರೆದು ಪರೀಕ್ಷಿಸಬೇಕು. ಐದಾರು ವರ್ಷ ತುಂಬಿದ ಡಿಸ್ಕನ್ನು ನಂಬಿ ಕೂರದೆ ಹೊಸದಕ್ಕೆ ಎಲ್ಲವನ್ನೂ ವರ್ಗಾಯಿಸಬೇಕು. ಎರಡನೆಯದು ಉತ್ತರಾಧಿಕಾರ. ತಂದೆ ತೀರಿಕೊಂಡ ಮೇಲೆ ಅವರ ಮೊಬೈಲಿನ ಬೀಗ ತೆರೆಯಲಾಗದೆ, ಅದರೊಳಗಿನ ಚಿತ್ರಗಳೊಂದಿಗೆ ಅದನ್ನು ಬೀರುವಿನಲ್ಲಿಟ್ಟಿರುವ ಮನೆಗಳು ಎಷ್ಟೋ ಇವೆ. ಗೂಗಲ್ ಖಾತೆಯಲ್ಲಿ, ಬಹುಕಾಲ ಬಳಕೆಯಿಲ್ಲದಿದ್ದರೆ ನಾವು ಹೆಸರಿಸಿದವರಿಗೆ ಅದು ದೊರೆಯುವಂತೆ ಮೊದಲೇ ಬರೆದಿಡುವ ಏರ್ಪಾಡುಂಟು. ಆಪಲ್ ಖಾತೆಯಲ್ಲಿಯೂ 2021ರಿಂದ ವಾರಸುದಾರರನ್ನು ನೇಮಿಸಬಹುದಾಗಿದೆ. ಅದರೊಡನೆ, ಯಾವ ಡಿಸ್ಕು ಯಾರ ಮನೆಯಲ್ಲಿದೆ, ಅದರಲ್ಲಿ ಯಾವ ಇಸವಿಯಿಂದ ಯಾವ ಇಸವಿಯವರೆಗಿನ ಚಿತ್ರಗಳಿವೆ, ಅದಕ್ಕೆ ಬೀಗದ ಪದವಿದ್ದರೆ ಅದೇನು ಎಂಬುದನ್ನು ಒಂದು ಹಾಳೆಯಲ್ಲಿ ಬರೆದು, ಮನೆಯ ಪತ್ರ, ವಿಮೆಯ ಕಾಗದಗಳಿರುವ ಕಡತದಲ್ಲಿಯೇ ಸೇರಿಸಿ, ಅದು ಅಲ್ಲಿದೆಯೆಂದು ಮನೆಯ ಇನ್ನೊಬ್ಬರಿಗಾದರೂ ಹೇಳಿಡತಕ್ಕದ್ದು.